ಟ್ರಂಕಿನ ಮೇಲೆ ಬರೆದ ಊರು

ಸಗರದ ಮನೆಯಲ್ಲಿ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ತಲೆಯ ಮೇಲಿನ ಹೆಜ್ಜೆ ಸದ್ದು. ಯಾರೋ ನಮ್ಮ ಸೂರಿನ ಮೇಲೆ ಆ ಕಡೆಯಿಂದ ಈ ಕಡೆಗೆ ಆರಾಮವಾಗಿ ನಡೆದಾಡುತ್ತಿದ್ದರು. ಹುಣಸೂರಿನ ನಮ್ಮ ಮನೆಯ ಹೆಂಚಿನ ಮೇಲೆ ಕೋತಿ ಬಂದರೂ ಬೀದಿಗೆ ಬೀದಿಯೇ ಕೋಲು ಹಿಡಿದು ನಿಲ್ಲುತ್ತದೆ. ಕಳ್ಳರೇ ಇರಬೇಕೆಂದು ಗಂಡನನ್ನು ಎಬ್ಬಿಸುವಷ್ಟರಲ್ಲಿ ಅಡುಗೆಮನೆಯ ಬೆಳಕಿಂಡಿಯಿಂದ ಒಂದು ಹೆಣ್ಣುಮುಖ ಬಗ್ಗಿ ನೋಡಿತು.

"ಅಕ್ಕಾರ, ಎದ್ರೇನ್ರಿ? ಮೆಣಸಿನಕಾಯಿ ಒಣಾಕ ಹಾಕೀನ್ರಿ. ನಿಮ್ಮ ಮಾಳಗಿ ಮ್ಯಾಲ ಬಿಸಲು ಭಾಳ ಚಲೋ ಬೀಳ್ತದ."

ಅವಳೇ ರಜಿಯಾ, ಪಕ್ಕದ ಮನೆಯವಳು. ಈ ಕಡೆ ಮಣ್ಣಿನ ಚಪ್ಪಟೆ ಸೂರಿಗೆ ಮಾಳಿಗೆ ಎನ್ನುತ್ತಾರೆ. ಒಂದು ಮನೆಯ ಮಾಳಿಗೆ ಇನ್ನೊಂದಕ್ಕೆ ಅಂಟಿಕೊಂಡಿರುವುದರಿಂದ ಹೆಂಗಸರಿಗೆ ಮೇಲೆಯೂ ಒಂದು ಓಣಿ ಇದ್ದ ಹಾಗೆ. ನಾನು ಬಾಡಿಗೆಗೆ ಹಿಡಿದದ್ದು ಕೆಳಗಿನ ಮನೆಯನ್ನು ಮಾತ್ರ ಎಂದು ಯಾರೂ ಹೇಳಿರಲಿಲ್ಲ.

ನೀವು ಕೇಳಬಹುದು, ಕಾಲುವೆ ವಿಭಾಗದ ಇಂಜಿನಿಯರನ ಹೆಂಡತಿಗೆ ಶಹಾಪುರದಲ್ಲಿ ನಲ್ಲಿ ನೀರಿನ ಕ್ವಾರ್ಟರ್ಸ್ ಇರುವಾಗ ಹಳ್ಳಿಯಲ್ಲೇನು ಕೆಲಸ ಎಂದು. ಇಲ್ಲಿನವರೂ ಕೇಳಿದರು. ಹಳ್ಳಿಯ ಗಾಳಿ ಒಳ್ಳೆಯದು ಎಂದೆ. ನಿಜವಾದ ಕಾರಣ ಬೇರೆ. ಐದನೇ ತರಗತಿಯ ಜಾಣ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿಕೊಂಡು, ಆರನೆಯದರಿಂದ ಪುಕ್ಕಟೆಯಾಗಿ ಓದಿಸುವ ಸರ್ಕಾರಿ ವಸತಿ ಶಾಲೆಯೊಂದು ಈ ಜಿಲ್ಲೆಯಲ್ಲಿದೆ. ಇಲ್ಲಿನವರ ಬಾಯಲ್ಲಿ ಅದು 'ಸೆಲೆಕ್ಷನ್ ಸಾಲಿ'. ಸಾಲಿ ಎಂದರೆ ಶಾಲೆ. ಅಲ್ಲಿ ಹೆಚ್ಚಿನ ಸೀಟು, ಮೂರನೆಯದರಿಂದ ಐದನೆಯದರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ. ನನ್ನ ಮಗಳು ಸಿಂಚನ ಆಗ ಎರಡನೆಯದು ಮುಗಿಸಿದ್ದಳು. ಲೆಕ್ಕ ಹಾಕಿದೆ, ಗಂಡ ಗೊಣಗಿದರು, ಸಗರಕ್ಕೆ ಬಂದೆವು.

ಮೊದಲ ವರ್ಷ ಒಬ್ಬಂಟಿತನದ್ದು. ರಾಗಿಹಿಟ್ಟು ಊರಿನಿಂದ ಬರಬೇಕು. ಜೋಳದ ರೊಟ್ಟಿ ನನ್ನ ಕೈಯಲ್ಲಿ ಭೂಪಟವಾಗುತ್ತಿತ್ತು. ನಮ್ಮ ಕಡೆ ಯಾರನ್ನಾದರೂ ಏನಾದರೂ ಕೇಳುವ ಮೊದಲು ನಾಲ್ಕು ಮಾತು ಸುತ್ತಿ ಬರುತ್ತೇವೆ. ಇಲ್ಲಿ ನೇರ ಬಾಗಿಲಿಗೇ ಬರುತ್ತಾರೆ. "ಎರಡನೇ ಕೂಸು ಯಾಕ ಆಗಿಲ್ರಿ?" ಎಂದು ರಜಿಯಾ ಮೂರನೆಯ ದಿನವೇ ಕೇಳಿದಳು. ಮರುಗಳಿಗೆ ಅವಳೇ, "ಹೋಗ್ಲಿ ಬಿಡ್ರಿ, ನನಗೂ ಒಂದss ಅದ" ಎಂದು ಪುಂಡಿಪಲ್ಯದ ಬಟ್ಟಲು ಮುಂದಿಟ್ಟಳು. ಹುಳಿಸೊಪ್ಪಿನ ಆ ಪಲ್ಯವನ್ನು ಬಾಯಿಗಿಟ್ಟಾಗ ಮಾತ್ರ ಈ ಊರಲ್ಲಿ ಬದುಕಬಹುದು ಅನ್ನಿಸಿತು.

ಅವಳ ಆ 'ಒಂದು' ಮಗಳೇ ಆಫ್ರಿನ್. ಸಿಂಚನಳ ತರಗತಿ, ಅದೇ ಬೆಂಚು. ರಜಿಯಾಳ ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಅವಳು ಜಂಪರ್ ಹೊಲಿಯುತ್ತಾಳೆ, ಅಂದರೆ ನಾವು ರವಿಕೆ ಎನ್ನುವುದನ್ನು. ಮನೆಯಲ್ಲಿ ದಖ್ಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಆ ಹುಡುಗಿ ಎರಡರಲ್ಲೂ ಪಟಪಟ ಮಾತಾಡುತ್ತಾ ಮೂರನೆಯದಾಗಿ ನನ್ನ ಹಳೇ ಮೈಸೂರಿನ ಕನ್ನಡವನ್ನೂ ಒಂದು ತಿಂಗಳಲ್ಲಿ ಅಣಕಿಸತೊಡಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ನನ್ನ ಮಗಳು ಕೂಡಿಸುವ ಲೆಕ್ಕಕ್ಕೆ ಹಾಳೆ ತಿರುಗಿಸುವಷ್ಟರಲ್ಲಿ ಅವಳು ಉತ್ತರ ಹೇಳಿ ಕುಂಟಾಬಿಲ್ಲೆ ಆಡಲು ಓಡಿರುತ್ತಿದ್ದಳು. ಎಂಟು ವರ್ಷದ ಮಗುವಿನ ಮೇಲೆ ದೊಡ್ಡ ಹೆಂಗಸು ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು. ಪಟ್ಟೆ.

ಮಕ್ಕಳು ಐದಕ್ಕೆ ಬಂದ ವರ್ಷ ನಾನು ಮೈಸೂರಿನಿಂದ ದಪ್ಪನೆಯ ಗೈಡ್ ತರಿಸಿದೆ. ಅದರಲ್ಲಿ ಮೂರು ಭಾಗ: ಲೆಕ್ಕ, ಭಾಷೆ, ಮತ್ತು ಚಿತ್ರ ನೋಡಿ ಬುದ್ಧಿ ಓಡಿಸುವ ಪ್ರಶ್ನೆಗಳು. ಅರ್ಧ ಅಂಕ ಆ ಮೂರನೆಯದಕ್ಕೇ. ರಜಿಯಾ ನೇರವಾಗಿ ಕೇಳಿದಳು.

"ಅಕ್ಕಾರ, ಆ ಪುಸ್ತಕ ಒಂದಿನ ಕೊಡ್ರಿ. ಶಹಾಪುರಕ್ಕ ಹೋದಾಗ ಝೆರಾಕ್ಸ್ ಮಾಡಿಸ್ಕೊಂಡು ಬರ್ತೀನಿ. ಆಫ್ರಿನ್‌ನೂ ಬರೀಲಿ."

ಲೆಕ್ಕದ ಹಾಳೆಗಳನ್ನೂ ಭಾಷೆಯ ಹಾಳೆಗಳನ್ನೂ ಬಿಡಿಸಿ ಕೊಟ್ಟೆ. ಚಿತ್ರದ ಭಾಗವನ್ನು ಹಾಸಿಗೆಯ ಕೆಳಗಿಟ್ಟು, "ಅದನ್ನು ಬೇರೆ ಯಾರೋ ಒಯ್ದಿದ್ದಾರೆ" ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಬಹಳ ಸವಿಯಾಗುತ್ತದೆ, ಅವತ್ತೂ ಆಯಿತು.

ಆದರೆ ಆ ಭಾಗ ಸಿಂಚನಳ ತಲೆಗೇ ಹತ್ತಲಿಲ್ಲ. ಕಾಗದವನ್ನು ಎರಡು ಸಲ ಮಡಿಚಿ ಮೂಲೆಯಲ್ಲೊಂದು ತೂತು ಕತ್ತರಿಸಿದ ಚಿತ್ರ ಇರುತ್ತದೆ. ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಕಾಣುತ್ತವೆ ಎಂದು ಕೆಳಗಿನ ನಾಲ್ಕು ಚಿತ್ರಗಳಲ್ಲಿ ಒಂದನ್ನು ಆರಿಸಿ ಅದರ ಸಂಖ್ಯೆ ಹೇಳಬೇಕು. ನನಗೂ ಬರುತ್ತಿರಲಿಲ್ಲ. ಉತ್ತರ ನೋಡಿಕೊಂಡು ಕಲಿಸುತ್ತಿದ್ದೆ, ಅವಳು ಅಳುತ್ತಿದ್ದಳು. ಒಂದು ಸಂಜೆ ಮಾಳಿಗೆ ಹತ್ತಿ ನೋಡಿದರೆ, ಹಾಸಿಗೆಯ ಕೆಳಗಿರಬೇಕಾದ ಹಾಳೆಗಳು ಆಫ್ರಿನಳ ತೊಡೆಯ ಮೇಲಿವೆ! ಸಿಂಚನಳೇ ತಂದಿದ್ದಳು. ಆ ಹುಡುಗಿ ಪೆನ್ಸಿಲನ್ನೂ ಮುಟ್ಟದೆ ಬೆರಳಿಟ್ಟು, "ಇದು ಮೂರು, ಇದು ಒಂದು, ಇದು ನಾಕು" ಎಂದು ಸಾಲಾಗಿ ಹೇಳುತ್ತಿದ್ದಳು. ಉತ್ತರದ ಪುಟ ನೋಡಿದೆ. ಒಂದೂ ತಪ್ಪಿಲ್ಲ.

ಪಕ್ಕದಲ್ಲಿ ರಜಿಯಾ ಜಂಪರಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿ ಆಡಿಸುತ್ತಿದ್ದಳು. "ಇದರಾಗ ಏನದ ಅಕ್ಕಾರ? ನಾಕ ಮಡಿಕಿಗೆ ಒಂದ ಕತ್ರಿ ಹೊಡದ್ರ ನಾಕ ಕಡೆ ಬೀಳ್ತದ. ಸಣ್ಣಾಕಿ ಇದ್ದಾಗಿಂದ ನನ್ನ ಮುಂದ ಕುಂತು ಇದನ್ನss ಬಿಚ್ಚಿ ನೋಡ್ತಾಳ." ಆಮೇಲೆ ತಲೆ ಎತ್ತದೆ ಕೇಳಿದಳು: "ಆ ಹಾಳಿ ಯಾರೋ ಒಯ್ದಾರ ಅಂದಿದ್ರಲ್ಲ, ವಾಪಸ್ ಬಂದ್ವೇನ್ರಿ?"

"ಹ್ಞೂಂ, ಬಂದವು" ಎಂದೆ.

ಅವಳು ಮತ್ತೆ ಕತ್ತರಿ ಆಡಿಸತೊಡಗಿದಳು. ಮರುದಿನದಿಂದ ಸಿಂಚನಳನ್ನೂ ಕೂರಿಸಿಕೊಂಡು, ತುಂಡು ಬಟ್ಟೆ ಕೊಟ್ಟು, ಮಡಿಚಿ ಕತ್ತರಿಸಿ ಬಿಚ್ಚುವುದನ್ನು ಕಲಿಸಿದಳು. ಎರಡು ವಾರದಲ್ಲಿ ನನ್ನ ಮಗಳ ಅಳು ನಿಂತಿತು. ನನಗೆ ಸಮಾಧಾನವಾಗಬೇಕಿತ್ತು. ತಿಂಗಳುಗಟ್ಟಲೆ ನಾನು ಬಡಿದಾಡಿದ್ದನ್ನು ಇವಳು ಹೊಲಿಗೆ ಯಂತ್ರದ ಪಕ್ಕ ಕೂತು ಮಾಡಿಬಿಟ್ಟಳಲ್ಲ ಎಂದು ಹೊಟ್ಟೆ ಉರಿಯಿತು.

ಪರೀಕ್ಷೆ ಆಯಿತು. ಸಿಂಚನ ಚೆನ್ನಾಗಿ ಬರೆದಿದ್ದೇನೆ ಎಂದಳು. ನಾನು ಫಲಿತಾಂಶಕ್ಕೂ ಕಾಯದೆ ಶಹಾಪುರದ ಬಜಾರಿಗೆ ಹೋಗಿ, ಹಾಸ್ಟೆಲಿಗೆಂದು ತಗಡಿನ ಕಪ್ಪು ಟ್ರಂಕು ಕೊಂಡೆ. ಹೆಸರು ಬರೆಯುವವನು ಬ್ರಷ್ ಅದ್ದಿಕೊಂಡು, "ಊರು ಯಾವುದು ಬರೀಲ್ರಿ?" ಎಂದ. ಶಾಲೆಯ ಅರ್ಜಿಯಲ್ಲಿ ವಿಳಾಸ ಸಗರ ಎಂದು ನಾನೇ ಬರೆದಿದ್ದೆ. ಅವನಿಗೆ ಮಾತ್ರ "ಹುಣಸೂರು" ಎಂದೆ. ಸಿಂಚನ, ಹುಣಸೂರು. ಬಿಳಿ ಬಣ್ಣದ ಗುಂಡನೆಯ ಅಕ್ಷರ. ಟ್ರಂಕನ್ನು ಮನೆಗೆ ತಂದು ಯಾರಿಗೂ ಕಾಣದ ಹಾಗೆ ಹಳೇ ಸೀರೆ ಹೊದಿಸಿಟ್ಟೆ.

ಪಟ್ಟಿ ಬಂತು. ಆಯ್ಕೆಯಾದವರಲ್ಲಿ ಆಫ್ರಿನ್. ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಸಿಂಚನ. ನಮ್ಮ ಕಡೆಯಾಗಿದ್ದರೆ ಗೆದ್ದವರು ಸೋತವರ ಮನೆಗೆ ನಾಲ್ಕು ದಿನ ಬರುವುದಿಲ್ಲ, ಮುಜುಗರವಾಗುತ್ತದೆಂದು. ರಜಿಯಾ ಅವತ್ತೇ ಬಂದಳು. ಮಾಳಿಗೆಯಿಂದಲ್ಲ, ಮುಂಬಾಗಿಲಿನಿಂದ. ಬಂದವಳೇ ನೆಲದ ಮೇಲೆ ಕುಳಿತು ಅತ್ತಳು.

"ಆಕೀ ಅಪ್ಪ ಕಳಸು ಅಂತಾನ. ನನ್ನ ಜೀವ ಒಲ್ಲೆ ಅಂತದ ಅಕ್ಕಾರ. ಒಂದಿನಾನೂ ನನ್ನ ಬಿಟ್ಟು ಮಲಗಿಲ್ಲ ಆಕಿ. ನೀವು ಓದಿದವರು. ನೀವು ಹೇಳಿದಂಗ ಮಾಡ್ತೀನಿ. ಕಳಸಲೋ ಬ್ಯಾಡೋ?"

ಆಫ್ರಿನ್ ಹೋಗದಿದ್ದರೆ ಆ ಸೀಟು ನನ್ನ ಮಗಳದು. ನನ್ನ ದನಿ ಮತ್ತೆ ಸವಿಯಾಯಿತು. ಹಾಸ್ಟೆಲಿನ ತಣ್ಣೀರು ಸ್ನಾನ, ತಲೆಯ ಹೇನು, ಜ್ವರ ಬಂದರೆ ಪಕ್ಕದಲ್ಲಿ ಯಾರೂ ಇಲ್ಲದಿರುವುದು, ರಜೆ ಬರುವವರೆಗೆ ಮುಖ ನೋಡಲಾಗದ್ದು, ಎಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ರಜಿಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪೂರ್ತಿ ಕೇಳಿದಳು.

"ಹಂಗಾದ್ರ ಸಿಂಚನಾಗ ಸಿಕ್ಕಿದ್ರ ನೀವೂ ಕಳಸ್ತಿರಲಿಲ್ಲೇನ್ರಿ?"

ಅವಳು ನನ್ನನ್ನು ಹಿಡಿದು ಹಾಕಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಿತ್ತು ಅವಳಿಗೆ. ನನ್ನ ಕಣ್ಣು ತಾನೇ ಮೂಲೆಗೆ ಹೋಯಿತು, ಅವಳ ಕಣ್ಣೂ ನನ್ನದರ ಹಿಂದೆ ಹೋಯಿತು. ಸೀರೆ ಜಾರಿ ಟ್ರಂಕಿನ ಒಂದು ಬದಿ ಕಾಣುತ್ತಿತ್ತು, ಮಗಳ ಹೆಸರಿನ ಸಮೇತ. ಅಷ್ಟರಲ್ಲಿ ಒಳಗಿನಿಂದ ಸಿಂಚನ ಕೂಗಿದಳು, "ಅಮ್ಮಾ, ಆಕಿ ಹೋಗ್ಲಿ ಬಿಡು. ಆಕಿಗೆ ಭಾಳ ಆಸೆ ಅದ." ನಾನು ಮೂರು ವರ್ಷ ಕಾಪಾಡಿಕೊಂಡಿದ್ದ ಹುಣಸೂರಿನ ಕನ್ನಡ ಅವಳ ಬಾಯಲ್ಲಿ ಯಾವಾಗ ಕಳೆದುಹೋಯಿತೋ, ನಾನು ಗಮನಿಸಿರಲಿಲ್ಲ.

"ಕಳಿಸು ರಜಿಯಾ" ಎಂದೆ. "ನನ್ನ ಮಗಳಾಗಿದ್ದರೆ ಇವತ್ತೇ ಕಳಿಸುತ್ತಿದ್ದೆ."

ಇದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ಟ್ರಂಕು ಕಂಡ ಮೇಲೆ ಬೇರೆ ಏನು ಹೇಳಲೂ ಬಾಯಿ ಬರಲಿಲ್ಲ. ಅವಳು ಹೋದ ಮೇಲೆ ಒಲೆಯ ಮುಂದೆ ಕೂತು ಸಾಕಾಗುವಷ್ಟು ಅತ್ತೆ. ಟ್ರಂಕನ್ನೂ ಅವಳಿಗೇ ಕೊಟ್ಟೆ. ದಿನಾ ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ರಜಿಯಾ ಅದರ ಮೇಲೆ ಕಪ್ಪು ಬಣ್ಣ ಹೊಡೆಸಿ ಆಫ್ರಿನ್, ಸಗರ ಎಂದು ಬರೆಸಿದಳು.

ಈಗ ಸಿಂಚನ ಆರನೆಯದಕ್ಕೆ ಶಹಾಪುರದ ಶಾಲೆಗೆ ಹೋಗುತ್ತಾಳೆ. ಕ್ವಾರ್ಟರ್ಸಿಗೆ ಹೋಗೋಣ, ಇನ್ನು ಈ ಹಳ್ಳಿಯಲ್ಲಿ ನಮಗೇನಿದೆ ಎಂದು ಗಂಡ ಕೇಳುತ್ತಾರೆ. ಮಾಳಿಗೆಯ ಮೇಲೆ ನನ್ನ ಹಪ್ಪಳ ಒಣಗುತ್ತಿದೆ ಎನ್ನುತ್ತೇನೆ. ಬೇಸಿಗೆಗೆ ಹುಣಸೂರಿಗೆ ಹೋದಾಗ ತಂಗಿ, "ಅದೇನಕ್ಕ, 'ಭಾಳ', 'ಭಾಳ' ಅಂತೀಯ?" ಎಂದು ನಕ್ಕಳು. ಇಲ್ಲಿಗೆ ಬಂದರೆ ಕಿರಾಣಿ ಅಂಗಡಿಯವನು ಇನ್ನೂ "ಮೈಸೂರು ಕಡೆ ಅಕ್ಕಾರು ಬಂದಾರ" ಎನ್ನುತ್ತಾನೆ.

ದಸರೆ ರಜೆಗೆ ಆಫ್ರಿನ್ ಬಂದಿದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎರಡು ಜಡೆ, ಸ್ವಲ್ಪ ಇಂಗ್ಲಿಷು. ಆ ಸಮವಸ್ತ್ರವನ್ನು ನನ್ನ ಮಗಳ ಮೈಮೇಲೆ ಹಾಕಿ ನೋಡದೆ ನನ್ನ ಕಣ್ಣು ಬಿಡಲಿಲ್ಲ.

"ಆಂಟಿ, ಟ್ರಂಕಿನ ಬಣ್ಣ ಒಂದ ಕಡೆ ಎದ್ದದ" ಎಂದಳು. "ಕೆಳಗ ಹುಣಸೂರು ಅಂತ ಕಾಣ್ತದ. ಹಾಸ್ಟೆಲ್ ಹುಡುಗ್ಯಾರು ಅದು ಯಾವ ಊರು ಅಂತ ಕೇಳ್ತಾರ. ನಮ್ಮ ಬಾಜೂ ಮನಿ ಊರು ಅಂತ ಹೇಳೀನ್ರಿ."

ನನಗೆ ನಗು ಬಂತು. ನಗುತ್ತಲೇ ಕೇಳಿಬಿಟ್ಟೆ, "ಅದರ ಪಕ್ಕ ಸಿಂಚನಳ ಹೆಸರಿತ್ತಲ್ಲ, ಅದೂ ಕಾಣುತ್ತದೇನೇ?"

"ಇಲ್ರಿ ಆಂಟಿ. ಅದು ಪೂರಾ ಮುಚ್ಚಿ ಹೋಗ್ಯಾದ. ಊರ ಹೆಸರಷ್ಟೇ ಕಾಣ್ತದ."