ಹುಳಿ ಹಾಕಿ ತೊಳೆದರೂ ಹೋಗದ್ದು

ಹೊಳೆಮೀನಿನಲ್ಲಿ ಪಾದರಸ ಸೇರಿದೆಯೇ ಎಂದು ಪರೀಕ್ಷಿಸಲು ಮೀನು ಕೇಳಿಕೊಂಡು ಮಾವಿನಕುರ್ವೆಯ ಒಂದು ಮನೆಗೆ ಹೋಗಿದ್ದೆ. ಮೀನು ಕೊಟ್ಟ ಅಮ್ಮ ಊಟಕ್ಕೂ ಕೂರಿಸಿದರು. ಪಕ್ಕದಲ್ಲಿ ಅವರ ಬಸುರಿ ಮಗಳು.

“ಉಪ್ಪು, ಹುಳಿ ಹಾಕಿ ತಿಕ್ಕಿ ತೊಳೆದ್ರೆ ಹೋಗೂದಿಲ್ವಾ?” ಅಮ್ಮ ಕೇಳಿದರು.

“ಇಲ್ಲಮ್ಮ, ಮಾಂಸದ ಪ್ರೋಟೀನಿಗೇ ಅಂಟಿಕೊಳ್ತದೆ. ಬೇಯಿಸಿದ್ರೂ ಬಿಡೂದಿಲ್ಲ.”

“ಪ್ರೋಟೀನಿಗೇ ಅಲ್ವಾ ಡಾಕ್ಟರು ಇವಳಿಗೆ ಮೀನು ತಿನ್ನು ಅಂದದ್ದು! ಮತ್ತೆ ಎಂತ ಮಾಡೂದು?”

“ಇದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲ. ಇದ್ರೆ ದೊಡ್ಡ ಮೀನಿನಲ್ಲೇ ಜಾಸ್ತಿ.”

ಮಗಳ ತಟ್ಟೆಗೆ ಹೊರಟಿದ್ದ ದೊಡ್ಡ ಕಾಗಳಸಿ ಮೀನಿನ ತುಂಡು ಸೌಟಿನಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ನನ್ನ ತಟ್ಟೆಗೆ ಬಂತು.

“ನೀವು ತಿನ್ನಿ ಸರ್. ನಿಮಗೆ ಎಂತದೂ ಆಗೂದಿಲ್ಲ.”

ಮಗಳು ತಲೆ ಬಗ್ಗಿಸಿ ಬರೀ ಸಾರು ಕಲಸಿಕೊಂಡಳು. ನಾನು ಬೇಡ ಅಂದರೆ ವರದಿ ಬರುವ ಮೊದಲೇ ತೀರ್ಪು ಕೊಟ್ಟ ಹಾಗೆ. ತಿಂದೆ. ಮುಳ್ಳನ್ನೂ ಬಿಡದೆ ಚೀಪಿದೆ.