ಶರೀಫಾಬೀಯ ಪಂಪು, ಪರಿಮಳಾಬಾಯಿಯ ಸೂಜಿ

ಶಹಾಪುರದ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಅರಳೆ ಧೂಳು ಕುಡಿದ ಶರೀಫಾಬೀಗೆ ಎದೆ ಕಟ್ಟಿದ್ದು ಆಶ್ಚರ್ಯವಲ್ಲ. ಬಾಯಿ ಕಟ್ಟಿದ್ದು ಆಶ್ಚರ್ಯ. ಗೇಟಿನಲ್ಲಿ ಅವಳೊಂದು ಘೋಷಣೆ ಕೂಗಿದರೆ ಮೇಸ್ತ್ರಿಯ ಕೈಯ ಚಹಾ ತುಳುಕುತ್ತಿತ್ತು. ಈಗ ಆಸ್ಪತ್ರೆಯ ಮಂಚದ ಮೇಲೆ ಕೂತು ನಾಲ್ಕು ಮಾತಾಡುವಷ್ಟರಲ್ಲಿ ಏದುಸಿರು. ಉಸಿರಿನ ಔಷಧದ ಪಂಪು ಸದಾ ಕೈಯಲ್ಲಿ. ಮುಂದಿನ ಸೋಮವಾರ ಮಿಲ್ಲಿನ ಮುಂದೆ ಸಭೆ. ಧೂಳೆಳೆಯುವ ಫ್ಯಾನು ಬೇಕೆಂದು ಕೂಗಬೇಕಾದವಳು ಇವಳೇ.

ಅಂಥ ಹೊತ್ತಿನಲ್ಲಿ ಅಕ್ಯುಪಂಕ್ಚರಿನ ಸೂಜಿ ಡಾಕ್ಟರು ಪರಿಮಳಾಬಾಯಿ ಬಂದರು. ಕೈಯಲ್ಲಿ ಕೂದಲೆಳೆಯಂಥ ಸೂಜಿಗಳು.

“ಔಷಧ ಎಲ್ಲೈತ್ರಿ ಬಾಯಾರ ಇದರಾಗ?”

“ಔಷಧ ಇಲ್ರಿ. ಬರೀ ಸೂಜಿ.”

“ಬರೀ ಸೂಜಿ ಚುಚ್ಚಾಕ ನಾ ಏನ್ ಕೌದಿ ಏನ್ರಿ?”

ಪಕ್ಕದ ಮಂಚದ ಸುರಪುರದ ಶೇಖಮ್ಮ ನಕ್ಕು ನಕ್ಕು ಕೆಮ್ಮಿದಳು.

ಮಣಿಕಟ್ಟಿನಲ್ಲಿ, ಮೊಣಕಾಲ ಕೆಳಗೆ ಸೂಜಿ ನಿಂತವು. ದಿನಕ್ಕೆ ಇಪ್ಪತ್ತು ನಿಮಿಷ. ಮೂರನೆಯ ದಿನ, ಬುಧವಾರ, ಬಿಗಿ ಕುಪ್ಪಸದ ಗುಂಡಿ ಬಿಚ್ಚಿದಂತೆ ಎದೆ ಹಗುರಾಯಿತು. ಶರೀಫಾಬೀ ಮಂಚದಿಂದ ಜಿಗಿದೇಬಿಟ್ಟಳು.

ಮಿಲ್ಲಿನಲ್ಲಿ ಬಾಯಿಗೆ ಕಟ್ಟುವ ಬಟ್ಟೆ ತಲೆಗೊಂದು ಇರಲಿಲ್ಲ. ಪಾಳಿ ಮುಗಿಸಿದವಳು ಬಟ್ಟೆ ಝಾಡಿಸಿ ಮುಂದಿನ ಪಾಳಿಯವಳಿಗೆ ಕೊಡಬೇಕು, ಇಟ್ಟುಕೊಂಡರೆ ಬೈಗುಳ. ಅದೇ ರೂಢಿಯಲ್ಲಿ ಶರೀಫಾಬೀ ಪಂಪನ್ನು ಸೆರಗಿನಿಂದ ಒರೆಸಿ ಶೇಖಮ್ಮನ ಕೈಗಿಟ್ಟಳು.

“ತಗೋಬೇ, ನನ್ನ ಪಾಳಿ ಮುಗೀತು.”

ಸಂಜೆಗೆ ಮತ್ತೆ ಎದೆ ಕೊಳಲಾಗಿ ಸುಯ್ಯೆಂದಿತು. ನರ್ಸು ಓಡಿ ಬಂದು ಮೂಗಿಗೆ ಔಷಧದ ಹಬೆ ಹಚ್ಚಿದಳು. ಬೆಳಿಗ್ಗೆ ಪರಿಮಳಾಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಪಂಪು ಎಲ್ಲೈತಿ?”

ಶೇಖಮ್ಮ ತೆಪ್ಪಗೆ ದಿಂಬಿನಡಿಯಿಂದ ತೆಗೆದಳು.

“ಸೂಜಿ ಬಂತಲ್ರಿ, ಅದಕ್ಕ ಕೊಟ್ಟೆ,” ಎಂದಳು ಶರೀಫಾಬೀ.

“ಸೂಜಿ ಪಂಪಿನ ಬದಲಿ ಬಂದಿಲ್ರಿ, ಜೋಡಿ ಬಂದೈತಿ! ಎದಿ ತೆರಿಯೋದು ದೊಡ್ಡ ಡಾಕ್ಟರ ಔಷಧ. ನನ್ನ ಸೂಜಿ ಅದಕ್ಕ ಒಂದೀಟು ಕೈ ಹಚ್ಚತೈತಿ, ಅದೂ ಎಲ್ಲಾರಿಗೂ ಅಲ್ಲ. ಅದರ ಮ್ಯಾಲ, ಒಬ್ಬರ ಬಾಯಿಗಿಟ್ಟದ್ದು ಇನ್ನೊಬ್ಬರ ಬಾಯಿಗಿಡ್ತಾರೇನ್ರಿ? ಯಾರು ಕಲಿಸ್ಯಾರ ನಿಮಗ?”

“ಮಾಲಕ,” ಎಂದುಬಿಟ್ಟಳು ಶರೀಫಾಬೀ. ಅಂದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಇಪ್ಪತ್ತೆಂಟು ವರ್ಷ ಎಷ್ಟು ಜನರ ಉಗುಳು ಬಾಯಿಗೆ ಕಟ್ಟಿಕೊಂಡಿದ್ದೆನೋ!

ಮುಂದಿನ ನಾಲ್ಕು ದಿನ ಪಂಪೂ ನಡೆಯಿತು, ಸೂಜಿಯೂ ನಡೆಯಿತು. ಸೋಮವಾರ ಬೆಳಿಗ್ಗೆ ಪರೀಕ್ಷೆ: ಬೆರಳಿಗೆ ಕ್ಲಿಪ್ಪು ಹಾಕಿಕೊಂಡು ಆರು ನಿಮಿಷ ನಡೆಯಬೇಕು. ಆಮ್ಲಜನಕದ ಅಂಕಿ ತೊಂಬತ್ತಕ್ಕಿಂತ ಕೆಳಗಿಳಿದರೆ ಮನೆಗೆ ಬಿಡುವುದಿಲ್ಲ, ಸಭೆಯೂ ಇಲ್ಲ. ವಾರ್ಡಿನ ಹೆಂಗಸರೆಲ್ಲ ಬಾಗಿಲಿಗೆ ನೆರೆದರು. ತೊಂಬತ್ತೈದು. ತೊಂಬತ್ತಮೂರು. ಕೊನೆಯ ಸುತ್ತಿನಲ್ಲಿ ತೊಂಬತ್ತೊಂದು.

“ನಿಲ್ಲಬ್ಯಾಡ! ಮೇಸ್ತ್ರಿ ನೋಡಾಕತ್ತಾನ ಅಂತ ತಿಳಕೊ!” ಶೇಖಮ್ಮ ಕೂಗಿದಳು.

ಆರು ನಿಮಿಷ ಮುಗಿದಾಗಲೂ ತೊಂಬತ್ತೊಂದೇ. ವಾರ್ಡು ಚಪ್ಪಾಳೆ ಹೊಡೆಯಿತು.

ಆಟೋ ನೆಟ್ಟಗೆ ಮಿಲ್ಲಿನ ಗೇಟಿಗೇ ಹೋಯಿತು. ಕೊರಳಲ್ಲಿ ದಾರಕ್ಕೆ ಕಟ್ಟಿದ ಪಂಪು. ಎಲ್ಲರೂ ಫ್ಯಾನಿನ ಮಾತಿಗೆ ಕಾದಿದ್ದರು. ಅವಳು ಬೇರೆಯದನ್ನೇ ಮೊದಲು ಕೂಗಿದಳು:

“ಒಬ್ಬೊಬ್ಬರಿಗೆ ಒಂದೊಂದು ಬಾಯಿಬಟ್ಟಿ!”

“ಬೇಕೇ ಬೇಕು!”

ಹೆಂಗಸರು ಉತ್ತರ ಕೂಗುವಷ್ಟರಲ್ಲಿ ಶರೀಫಾಬೀ ಎದೆ ತುಂಬ ಉಸಿರೆಳೆದುಕೊಂಡಿದ್ದಳು. ಫ್ಯಾನಿನ ಸರದಿ ಬಂತು.