ಏಳು ತೂತಿನ ಬೇಗಡೆ

ಪೆರ್ಪಿನ್ಯಾನಿನ ಹೆಂಗಸರು ನೀರು ಮುಟ್ಟುವ ಮುಂಚೆ ಕೊರಳಿಗೋ ಕಿವಿಗೋ ಕೈ ಹಾಕುತ್ತಾರೆ. ಶಿಲುಬೆ, ಓಲೆ, ಉಂಗುರ, ಗ್ರನಾ ಕಲ್ಲು ಕಟ್ಟಿದ್ದು ಏನಿದ್ದರೂ ಬಿಚ್ಚಿ, ನೀರಿನ ತೊಟ್ಟಿಯ ಮೇಲಿನ ಮೊಳೆಗೆ ತೂಗುಹಾಕಿ, ಆಮೇಲೆ ಬಟ್ಟೆಗೋ ಪಾತ್ರೆಗೋ ಕೈ ಹಚ್ಚುತ್ತಾರೆ. ತೆಕ್ಲಾ ಪುಜಾಡ್ ಬಾಡಿಗೆಗಿದ್ದ ಕೋಣೆಯಲ್ಲೂ ಅಂಥದ್ದೊಂದು ಮೊಳೆಯಿತ್ತು. ಅವಳು ಅದಕ್ಕೆ ಟವೆಲು ತೂಗುಹಾಕುತ್ತಿದ್ದಳು.

ಹಾಗೆಂದು ಅವಳಷ್ಟು ಗ್ರನಾ ಮುಟ್ಟಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಬೊನಾಫೋಸರ ಒಡವೆ ಅಂಗಡಿಯ ಹಿಂಬದಿಯ ಕಿಟಕಿಗೆ ಹದಿನೇಳನೆಯ ವಯಸ್ಸಿನಲ್ಲಿ ಬಂದು ಕೂತವಳು, ಐವತ್ತೈದು ದಾಟಿದರೂ ಅದೇ ಸ್ಟೂಲಿನ ಮೇಲಿದ್ದಳು. ಆ ಕಲ್ಲಿನ ಬಣ್ಣಕ್ಕೂ ಗ್ರನಾ ಎಂದೇ ಹೆಸರು. ಎದುರಿನ ಬಟ್ಟೆಯಂಗಡಿಯವನು ಆ ಹೆಸರಿನಲ್ಲಿ ಮಖಮಲ್ಲು ಮಾರುತ್ತಾನೆ. ಪಾದ್ರಿಗಳ ಮೊಣಕಾಲು ಮೆತ್ತೆಗೆ ಅದೇ ಮಖಮಲ್ಲು. ಸಿಹಿ ದ್ರಾಕ್ಷಾರಸದವರು ಪೀಪಾಯಿಯ ಮೇಲೂ ಅದನ್ನೇ ಬರೆಯುತ್ತಾರೆ. ದಾಳಿಂಬೆ ಕಾಳಿನ ಬಣ್ಣ ಎನ್ನುತ್ತಾರೆ. ಕಲ್ಲು ಮಾತ್ರ ಹಾಗಿರುವುದಿಲ್ಲ. ಅಜ್ಜಂದಿರು ಕಾನಿಗೋ ಬೆಟ್ಟದ ಹಳ್ಳಗಳಲ್ಲಿ ಆಯ್ದು ತಂದದ್ದಾದರೂ ಅಷ್ಟೆ, ಈಗ ದೂರದೇಶದಿಂದ ಪೆಟ್ಟಿಗೆಯಲ್ಲಿ ಬರುವುದಾದರೂ ಅಷ್ಟೆ, ಅಂಗೈಯಲ್ಲಿಟ್ಟರೆ ಸೀದ ಬೆಲ್ಲದ ಹಾಗೆ ಕಪ್ಪು. ಚಿನ್ನದಲ್ಲಿ ಪುಟ್ಟ ಮನೆ ಮಾಡಿ, ತಳಕ್ಕೆ ಕಾಗದದಷ್ಟು ತೆಳುವಾದ ಬಣ್ಣದ ತಗಡು, ಬೇಗಡೆ, ಹಾಸಿ, ಕಲ್ಲು ಕೂರಿಸಿ ಅಂಚು ಒತ್ತಿದಾಗಲೇ ಅದು ಒಳಗೆ ದೀಪ ಹಚ್ಚಿದಂತೆ ಕೆಂಪಾಗುವುದು. ನೀರು ಸೋರಿದರೆ ಬೇಗಡೆ ಸಾಯುತ್ತದೆ, ದೀಪ ಆರುತ್ತದೆ.

ಆ ಬೇಗಡೆಯನ್ನು ಆರಿಸಿ ಹಾಸಿ, ಕಲ್ಲು ಕೂರಿಸುವುದೇ ತೆಕ್ಲಾಳ ಕೆಲಸ. ತೊಡುವವಳ ಕೊರಳಿನ ಬಣ್ಣ ನೋಡಿ ಆರಿಸಬೇಕು.

ಅವಳಿಗೆ ಇಪ್ಪತ್ತಮೂರಾದಾಗ ಕಡಲತೀರದ ಕೊಲ್ಯೂರಿನಿಂದ ಜೆಪ್ ಎಂಬವನೊಬ್ಬ ಬಂದಿದ್ದ. ಉಪ್ಪುಮೀನಿನ ಪೀಪಾಯಿ ಮಾಡುವವನು. ಏಳು ಕಲ್ಲಿನ ಶಿಲುಬೆ ಬೇಕೆಂದ. ಆ ಕಡೆ ಅದನ್ನು ಮದುವೆ ಗೊತ್ತಾದವಳಿಗೇ ಕೊಡುವುದು. “ಯಾರ ಕೊರಳಿಗೆ?” ಎಂದು ತೆಕ್ಲಾ ಕೇಳಿದಳು. ಅವನು ಕಿವಿಯವರೆಗೆ ಕೆಂಪಾದ. “ನಿಮಗೆ ಯಾವುದು ಚೆಂದ ಕಾಣುತ್ತೋ ಅದನ್ನೇ ಹಾಕಿ,” ಎಂದು ಟೋಪಿ ತಿರುವುತ್ತಾ ನಿಂತ. ಮತ್ತೆ ಎರಡು ಸಲ ಬಂದ, ಬಂದಾಗೆಲ್ಲ ಕಿಟಕಿಯ ಹತ್ತಿರವೇ ನಿಂತ. ತೆಕ್ಲಾ ಬಣ್ಣಗಾರ ಬಾತಿಸ್ತ್ ಮುದುಕನ ಹತ್ತಿರ ಹೋಗಿ, ಬೇಗಡೆಯ ಹಾಳೆಯೊಂದಕ್ಕೆ ಹೊಸದಾಗಿ ಬಣ್ಣ ಹಚ್ಚಿಸಿ, ಕನ್ನಡಿಯೆದುರು ತನ್ನ ಕೊರಳಿಗೇ ಹಿಡಿದು ನೋಡಿ, ಏಳು ಬಿಲ್ಲೆ ಕತ್ತರಿಸಿದಳು. ಈಸ್ಟರಿನ ಹಿಂದಿನ ದಿನ ಜೆಪ್ ಶಿಲುಬೆ ಒಯ್ದ. ಮುಂದಿನ ತಿಂಗಳು ತನ್ನೂರಿನ ಮೀನಿಗೆ ಉಪ್ಪು ಹಾಕುವ ಹುಡುಗಿಯನ್ನು ಮದುವೆಯಾದ.

ಅವನು ಸುಳ್ಳು ಹೇಳಿರಲಿಲ್ಲ. ಯಾರಿಗೆಂದು ಹೇಳಿರಲಿಲ್ಲ, ಅಷ್ಟೆ. ಏಳು ತೂತು ಬಿದ್ದ ಆ ಹಾಳೆಯನ್ನು ತೆಕ್ಲಾ ತನ್ನ ಪ್ರಾರ್ಥನೆಯ ಪುಸ್ತಕದೊಳಗಿಟ್ಟಳು. ಅಂದಿನಿಂದ ದಿನವೂ ಬೆಳಗಿನ ಪೂಜೆಗೆ ಅದು ಅವಳ ಜೊತೆ ಇಗರ್ಜಿಗೆ ಹೋಗಿ ಬರುತ್ತಿತ್ತು.

ಮೂವತ್ತಮೂರು ವರ್ಷದ ಮೇಲೆ, ಒಂದು ಫೆಬ್ರವರಿಯ ಗುರುವಾರ, ಅಂಗಡಿಗೆ ಮೊದಲು ಉಪ್ಪುಮೀನಿನ ವಾಸನೆ ಬಂತು, ಹಿಂದೆಯೇ ಕಪ್ಪು ಶಾಲು ಹೊದ್ದ ದಪ್ಪ ಹೆಂಗಸೊಬ್ಬಳು ಬಂದಳು.

“ಬಾಗಿಲು ತೆಗೆದೇ ಇಡಿ ಯಜಮಾನ್ರೇ, ನನ್ ಜೊತೆ ಇಡೀ ಕೊಲ್ಯೂರಿನ ಮೀನೇ ಬಂದಿದೆ,” ಎಂದು ತಾನೇ ನಕ್ಕಳು. ಹೆಸರು ನಾರ್ಸಿಸಾ. ಅಂಗಡಿಯ ಯಜಮಾನ ಗಾಲ್ಡ್ರಿಕ್ ಬೊನಾಫೋಸ್ ಅವಳನ್ನು ಕಿಟಕಿಯ ಬಳಿಗೆ ಕರೆತಂದ.

ಕರವಸ್ತ್ರ ಬಿಚ್ಚಿದರೆ ಏಳು ಕಲ್ಲಿನ ಶಿಲುಬೆ. ಏಳೂ ಕಪ್ಪು. ಕೆಳಗಿನ ಕಲ್ಲಿನ ಅಂಚಿನಲ್ಲಿ, ಎಂದೋ ತನ್ನ ಕೈಯ ಉಳಿ ಜಾರಿ ಎಳೆದ ಗೀರು ತೆಕ್ಲಾಳ ಕಣ್ಣಿಗೆ ಬಿತ್ತು.

“ಮದಾಮ್, ಇದನ್ನ ನೀರಲ್ಲಿ ಹಾಕ್ಕೊಂಡಿದ್ರಾ?”

“ನೀರಾ! ಉಪ್ಪುನೀರಲ್ಲೇ, ಮದ್ಮಜೆಲ್. ಬೆಳಗಿಂದ ಸಂಜೆತನಕ ಮೀನಿನ ತೊಟ್ಟಿ ಮುಂದೆ. ಯಾವತ್ತೂ ತೆಗೀಬೇಡ ಅಂದಿದ್ದ ನನ್ ಜೆಪ್. ಪೀಪಾಯಿ ಬಡಿಯೋನಿಗೆ ಒಡವೆ ವಿಷಯ ಏನ್ ಗೊತ್ತು? ಎರಡೇ ವರ್ಷಕ್ಕೆ ಇದ್ದಿಲಾಯ್ತು. ಹಾಗೇ ಹಾಕ್ಕೊಂಡಿದ್ದೆ.”

ಎರಡೇ ವರ್ಷ. ಕೊಲ್ಯೂರಿನಲ್ಲೊಂದು ಕೊರಳಿನ ಮೇಲೆ ಆ ಕೆಂಪು ಇನ್ನೂ ಉರಿಯುತ್ತಿದೆಯೆಂದೇ ತೆಕ್ಲಾ ಇಷ್ಟು ಕಾಲ ತಿಳಿದಿದ್ದಳು.

“ಅವನು ಹೋದ,” ಎಂದಳು ನಾರ್ಸಿಸಾ. “ಬರೋ ತಿಂಗಳು ವರ್ಷ ತುಂಬುತ್ತೆ. ಅವನ ಪೂಜೆಗೆ ಹಾಕ್ಕೋಬೇಕು. ಕೊಟ್ಟ ದಿನ ಹೇಗಿತ್ತೋ, ಅದೇ ಬಣ್ಣ ಬೇಕು. ಬೇರೆ ಬೇಡ.”

ತೆಕ್ಲಾ ಅವಳ ಕೊರಳು ನೋಡಿದಳು. ಬಿಸಿಲಿಗೂ ಉಪ್ಪಿಗೂ ಕೆಂಪೇರಿದ ಕೊರಳು. “ನಿಮಗೆ ಇನ್ನೊಂಚೂರು ಗಾಢವಾದ್ದು ಹೊಂದುತ್ತೆ, ಮದಾಮ್.”

“ಅಯ್ಯೋ, ನಂಗೊತ್ತಿಲ್ವಾ! ಅವತ್ತೇ ಹೊಂದಿರ್ಲಿಲ್ಲ. ಬೆಂದ ಏಡಿ ಇದ್ದ ಹಾಗಿದೀಯ ಅಂತ ನಮ್ಮಕ್ಕಂದಿರು ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. ಯಾರ ಕೊರಳು ನೋಡಿ ತಂದ್ಯೋ ಮಾರಾಯ ಅಂತ ಬೈದೆ. ಅಂಗಡೀಲಿ ಒಬ್ಳು ಹುಡುಗಿ ಆರಿಸಿದ್ಲು, ಅವಳಿಗೆ ಗೊತ್ತಿರುತ್ತೆ ಬಿಡು ಅಂದ. ಏನ್ ಗೊತ್ತಿತ್ತೋ ಅವಳಿಗೆ! ಆದ್ರೂ ಅದೇ ಬೇಕು ನಂಗೆ. ಆ ಹುಡುಗಿ ಈಗ ಎಲ್ಲಿದಾಳೋ ಏನೋ.”

“ಎಲ್ಲೋ ಇರ್ತಾಳೆ,” ಎಂದಳು ತೆಕ್ಲಾ.

ಗಾಲ್ಡ್ರಿಕ್ ಆಗದೆಂಬಂತೆ ತಲೆಯಾಡಿಸಿದ. “ಹಳೇ ಬಣ್ಣ ಸಿಗೋದು ಕಷ್ಟ, ಮದಾಮ್. ಬಾತಿಸ್ತ್ ಸತ್ತೇ ಮೂವತ್ತು ವರ್ಷ ಆಯ್ತು. ಈಗ ಬರೋ ಬೇಗಡೆ ಮಿಠಾಯಿ ಸುತ್ತೋಕೆ ಲಾಯಕ್ಕು. ಅಲ್ವೇನ್ರೀ ತೆಕ್ಲಾ?”

ಅವಳು ಹೌದೆಂದರೆ ಸಾಕಿತ್ತು. ಅಂಗಡಿಯಲ್ಲಿ ಆ ಬಣ್ಣ ಇಲ್ಲದಿದ್ದುದೂ ನಿಜವೇ. ನಾರ್ಸಿಸಾ ಶಾಲಿನ ತುದಿ ಹಿಂಡುತ್ತಾ ಕಾಯುತ್ತಿದ್ದಳು. ಉಪ್ಪು ತಿಂದು ಬಿರಿದ ಬೆರಳುಗಳು.

“ನೋಡ್ತೀನಿ. ಶನಿವಾರ ಬನ್ನಿ,” ಎಂದಳು ತೆಕ್ಲಾ.

ನಾರ್ಸಿಸಾ ಹೋದ ಮೇಲೆ ತೆಕ್ಲಾ ಏಳೂ ಮನೆಗಳ ಅಂಚು ಎಬ್ಬಿಸಿ ಕಲ್ಲು ತೆಗೆದಳು. ಒಳಗೆ ಬೇಗಡೆಯೇ ಇರಲಿಲ್ಲ, ಕಪ್ಪು ಪುಡಿಯಿತ್ತು. ಉಗುರಿನ ಮೇಲೆ ಸ್ವಲ್ಪ ಅಂಟಿತು, ಊದಿದಳು, ಹೋಯಿತು.

ಶುಕ್ರವಾರದ ಪೂಜೆಯಲ್ಲಿ ಪುಸ್ತಕ ತೆರೆದರೆ ಬೇಗಡೆಯಿಟ್ಟ ಪುಟವೇ ತೆರೆದುಕೊಂಡಿತು. ಪಾದ್ರಿಗಳು ಓದಿದ್ದೇನೂ ಅವಳ ಕಿವಿಗೆ ಬೀಳಲಿಲ್ಲ. ತೂತುಗಳ ನಡುವಿನ ಜಾಗವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು. ಏಳು ಬಿಲ್ಲೆ ಬರುತ್ತಿತ್ತು, ಅಂಚಿನಿಂದ ಕತ್ತರಿಸಿದರೆ. ಎಂಟನೆಯದು ಬರುತ್ತಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಮಂಡಿಯೂರಿಯೇ ಇದ್ದಳು. ಕೊನೆಗೆ ಜೆಪ್‌ನ ಆತ್ಮಕ್ಕೆ ಶಾಂತಿ ಸಿಗಲೆಂದು ಹೇಳಿ ಎದ್ದಳು.

ಅಂಗಡಿಗೆ ಬಂದು, ಕಿಟಕಿಯ ಬೆಳಕಿದ್ದಾಗಲೇ ಆ ಹಾಳೆಯಿಂದ ಏಳು ಬಿಲ್ಲೆ ಕತ್ತರಿಸಿ, ಹಾಸಿ, ಕಲ್ಲು ಕೂರಿಸಿ ಮುಗಿಸಿದಳು. ಹದಿನಾಲ್ಕು ತೂತಿನ ಹಾಳೆ ಹಿಡಿದರೆ ಹರಿಯುವಂತಿತ್ತು. ಕಸದ ತಟ್ಟೆಗೆ ಹಾಕಿದಳು.

ಕೆಲಸ ಮುಗಿದ ಮೇಲೆ ಬಣ್ಣವನ್ನು ಒಂದು ಕೊರಳಿನ ಮೇಲಿಟ್ಟು ನೋಡುವುದು ರೂಢಿ. ತೆಕ್ಲಾ ಗೋಡೆಯ ಕನ್ನಡಿಯ ಮುಂದೆ ನಿಂತು ಶಿಲುಬೆ ಕಟ್ಟಿಕೊಂಡಳು. ಕೊರಳು ಸುಕ್ಕಾಗಿತ್ತು. ಬಣ್ಣ ಇನ್ನೂ ಒಪ್ಪುತ್ತಿತ್ತು. ಒಂದು ‘ನಮೋ ಮರಿಯಾ’ ಹೇಳಿ ಮುಗಿಸುವಷ್ಟು ಹೊತ್ತು ನೋಡಿ, ಬಿಚ್ಚಿದಳು.

ಶನಿವಾರ ನಾರ್ಸಿಸಾ ಶಿಲುಬೆ ಕಟ್ಟಿಕೊಂಡು ಕನ್ನಡಿಯಲ್ಲಿ ಎರಡೆರಡು ಸಲ ನೋಡಿಕೊಂಡಳು. ಆಮೇಲೆ, “ನೋಡಿ ಮದ್ಮಜೆಲ್, ಅದೇ ಬೆಂದ ಏಡಿ!” ಎಂದು ನಗುತ್ತಾ ಶಾಲಿನಿಂದ ಕಣ್ಣೊರೆಸಿಕೊಂಡಳು. “ಎಲ್ಲಿ ಸಿಕ್ತು ನಿಮಗೆ?”

“ಹಳೇದು ಒಂಚೂರು ಉಳಿದಿತ್ತು. ಇನ್ನಿಲ್ಲ. ನೀರು ಮುಟ್ಟೋ ಮುಂಚೆ ಬಿಚ್ಚಿಡಿ.”

“ಬಿಚ್ಚಿ ಎಲ್ಲಿಡ್ಲಿ?”

“ತೊಟ್ಟಿ ಮೇಲೊಂದು ಮೊಳೆ ಹೊಡೀರಿ.”

ಹೊರಡುವಾಗ ನಾರ್ಸಿಸಾ ಚೀಲದಿಂದ ಉಪ್ಪುಮೀನಿನ ಜಾಡಿ ತೆಗೆದಳು. “ನಾನೇ ಹಾಕಿದ್ದು. ಮನೇಲಿ ಎಷ್ಟು ಜನ? ಒಂದು ಸಾಕಾ, ಎರಡು ಕೊಡ್ಲಾ?”

“ಒಂದು ಸಾಕು.”

ಸಂಜೆ ತೆಕ್ಲಾ ಆ ಮೀನಿನ ಉಪ್ಪು ಕೊಡವಿ, ಮೇಲೆ ಎಣ್ಣೆ ಬಿಟ್ಟುಕೊಂಡು ಬ್ರೆಡ್ಡಿನ ಜೊತೆ ತಿಂದಳು. ಚೆನ್ನಾಗಿತ್ತು. ತಟ್ಟೆ ತೊಳೆಯಲೆಂದು ನೀರಿಗೆ ಕೈ ಚಾಚಿದಾಗ, ಕೈ ತಾನಾಗಿ ಕೊರಳಿಗೆ ಹೋಯಿತು. ಬಿಚ್ಚಲು ಅಲ್ಲೇನೂ ಇರಲಿಲ್ಲ. ಆಮೇಲೆ ತಟ್ಟೆ ತೊಳೆದಿಟ್ಟು, ಮೊಳೆಯ ಮೇಲಿನ ಟವೆಲಿಗೆ ಕೈ ಒರೆಸಿಕೊಂಡಳು.